ಕಾರಿಗೆ ಹಚ್ಚಿದ ವಿಭೂತಿ

ಮೊನ್ನೆಯ ಮಳೆ ನಿಂತ ಮೇಲೆ ಕಾರಿನ ಬಾಗಿಲು ತೆಗೆದೆ. ನೆನೆದ ಮ್ಯಾಟಿನ ವಾಸನೆ ಮೂಗಿಗೆ ಬಡಿಯಿತು. ಒದ್ದೆ ಕಂಬಳಿಯನ್ನು ಮೂಲೆಯಲ್ಲಿ ಮರೆತು ಊರಿಗೆ ಹೋಗಿ ಬಂದರೆ ಮನೆ ನಾರುತ್ತದಲ್ಲ, ಹಾಗೆ. ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮೆಕ್ಯಾನಿಕ್ ಹತ್ತು ಹೆಜ್ಜೆ ದೂರದಿಂದಲೇ ನೋಡಿ, ಟಾಪಿನ ಹೊಲಿಗೆ ಹೋಗಿದೆ, ಕಿತ್ತು ಬಿಸಾಡಿ ರೆಡಿಮೇಡ್ ಹಾಕಿಸಿ ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟ. "ಮುಟ್ಟಬೇಡ" ಎಂದು ನಾನು ಕಿರುಚಿದ್ದಕ್ಕೆ ಪಾಪ, ಆತ ಬೋಲ್ಟು ತಿರುವುವ ಪಾನಾ ಜೇಬಿಗಿಟ್ಟುಕೊಂಡು ಹೋಗಿಬಿಟ್ಟ. ಅಷ್ಟೊಂದು ಸಿಟ್ಟು ಯಾಕೆ ಬಂತು ಎನ್ನುವುದನ್ನು ನಿಮಗಾದರೂ ಹೇಳಬೇಕು.

ಮೊದಲು ಕಾರಿನ ವಿಷಯ. ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರೊಂದರ ನಕಲು ಅದು. ಮೈ ಫೈಬರಿನದು, ಎಂಜಿನ್ ನಮ್ಮ ದೇಶದ ಯಾವುದೋ ಸಾಧು ಕಾರಿನದು. ಎರಡೇ ಸೀಟು, ಮೇಲೆ ಮಡಚುವ ದಪ್ಪ ಬಟ್ಟೆಯ ಟಾಪು. ನನ್ನ ಹೆಂಡತಿ "ನಕಲಿ ಕಾರಿನಾಗ ಅಸಲಿ ಮಳಿ" ಎಂದು ಮೊದಲ ಮಳೆಗಾಲದಲ್ಲೇ ಆಡಿಕೊಂಡಳು. ನಕಲಾದರೇನು? ನನಗೆ ಬೇಕೆನಿಸಿತು, ಕೊಂಡೆ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಪೈಪುಗಳ ಸೋರಿಕೆ ಹುಡುಕುತ್ತಲೇ ತಲೆಗೂದಲು ಉದುರಿಸಿಕೊಂಡವನಿಗೆ ಒಂದು ಹುಚ್ಚು ಇರಬಾರದೆಂದು ಯಾರು ಹೇಳಿದರು? ಹೌದು, ಸರಿಯಾಗಿಯೇ ಓದಿದಿರಿ. ಸೋರಿಕೆ ಹುಡುಕುವುದೇ ನನ್ನ ಉದ್ಯೋಗವಾಗಿತ್ತು.

ಕಾರಿನ ಜೊತೆ ಬಂದ ಟಾಪು ಹಪ್ಪಳದಂತೆ ಪುಡಿಯಾಗುತ್ತಿತ್ತು. ಹೊಸದನ್ನು ಹೊಲಿದವಳು ಗಂಗವ್ವ ಚಿಗವ್ವ, ನನ್ನ ಅವ್ವನ ತಂಗಿ. ಹುಮನಾಬಾದ್ ಕಡೆಯಿಂದ ಗಂಡನ ಹಿಂದೆ ಪಟಾನ್‌ಚೆರುವಿಗೆ ಬಂದವಳು. ಗಂಡ ಲಾರಿಗೆ ಹೊದಿಸುವ ತಾಡಪತ್ರಿ, ಆಟೋದ ಟಾಪು ಹೊಲಿಯುತ್ತಿದ್ದ. ಆತ ತೀರಿಕೊಂಡಾಗ ಎಲ್ಲರೂ ಮಿಷನ್ ಮಾರಲು ಹೇಳಿದರು. ಚಿಗವ್ವ ಅದರ ಮುಂದೆ ಕೂತಳು. ಗಂಡಸರ ಕೆಲಸ ಎಂದವರಿಗೆ "ಮಿಷನ್ನಿಗಿ ಮೀಸಿ ಅದಾವೇನು?" ಎಂದು ಕೇಳಿದಳಂತೆ. ಆಕೆ ಪ್ರತಿ ನೂಲನ್ನೂ ಮೇಣದ ಉಂಡೆಯ ಮೇಲೆ ಎಳೆದೇ ಪೋಣಿಸುತ್ತಿದ್ದಳು. ಮೇಣ ಸೂಜಿಯ ತೂತನ್ನು ಮುಚ್ಚುತ್ತದೆ ಎನ್ನುವುದು ಆಕೆಯ ಲೆಕ್ಕ.

ಟಾಪು ಬಂತು. ಮಳೆಯೂ ಬಂತು. ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಡತಿಯ ಮೊಣಕಾಲ ಮೇಲೆ ತೊಟ ತೊಟ ನೀರು. ಮೇಲೆ ನೋಡಿದರೆ ಹೊಲಿಗೆ. ಸೋರಿಕೆಗೆ ಇನ್ನೇನು ಸಾಕ್ಷಿ ಬೇಕು? ಮದುವೆಯ ಬರಾತ್ ಮೆರವಣಿಗೆಗೆ ತೆರೆದ ಜೀಪುಗಳನ್ನು ಬಾಡಿಗೆ ಕೊಡುವ ಸೇಠ್ ಒಬ್ಬರು ಚಹಾದಂಗಡಿಯಲ್ಲಿ ಸಿಕ್ಕು, ಟಾಪು ಹೇಗಿದೆ ಎಂದು ಕೇಳಿದರು. ತಮ್ಮ ಆರು ಜೀಪುಗಳ ಟಾಪನ್ನು ಚಿಗವ್ವನಿಗೇ ಕೊಡಬೇಕೆಂದಿದ್ದರು. ನಾನು ದೊಡ್ಡ ರಸಿಕನಂತೆ ನಕ್ಕು, ಆಟೋ ಹೊಲಿಯುವ ಕೈ ಸೇಠ್‌ಜೀ, ಕಾರಿಗೆ ಬಂದರೆ ಸ್ವಲ್ಪ ಸೋರುತ್ತದೆ ಎಂದೆ, ಹಿಂದಿಯಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರು ಜೀಪೂ ಕೈತಪ್ಪಿದವು. ಅಷ್ಟೇ ಆಗಿದ್ದರೆ ಚಿಗವ್ವ ಸುಮ್ಮನಿರುತ್ತಿದ್ದಳೇನೋ. ಪಟಾನ್‌ಚೆರುವಿನ ಆಟೋದವರೂ ಆ ಮಾತು ಹಿಡಿದು "ನಿನ್ನ ಟಾಪು ಸೋರ್ತದಂತಲ್ಲ" ಎಂದು ಕೇಳತೊಡಗಿದರು.

ಮರು ಭಾನುವಾರ ಬೆಳಿಗ್ಗೆ ಆಕೆ ಬಸ್ಸಿಳಿದು ಬಂದಳು. ಚೀಲದಲ್ಲಿ ಹಳೆಯ ಪೇಪರಿನ ಕಟ್ಟು ಮತ್ತು ಒಂದು ವಿಭೂತಿ ಉಂಡೆ. ಚಹಾ ಬೇಡವೆಂದಳು.

"ಆ ಸೇಠ್‌ಗ ಫೋನ್ ಮಾಡು. ಬಂದು ನಿಂದ್ರಲಿ. ನನ್ನ ಹೊಲಿಗಿ ಸೋರಂಗಿಲ್ಲ."

ಸೇಠ್ ಬಂದರು. ಚಿಗವ್ವ ವಿಭೂತಿಯನ್ನು ಪುಡಿ ಮಾಡಿ ನೀರು ಬೆರೆಸದೆ ಟಾಪಿನ ಒಳಹೊಲಿಗೆಗೆಲ್ಲ ಹಚ್ಚಿದಳು. ಬಾಗಿಲ ಅಂಚಿಗೆ ಹಚ್ಚಿದಳು, ಮುಂದಿನ ಗಾಜಿನ ಬುಡಕ್ಕೆ ಹಚ್ಚಿದಳು. ನೀರು ಬಂದ ದಾರಿ ವಿಭೂತಿಯ ಮೇಲೆ ಕಾಣಿಸಿಬಿಡುತ್ತದೆ, ನೋಡಿ. ಕೆಳಗೆ ಪೇಪರು ಹಾಸಿದಳು. ಹಾದು ಹೋಗುತ್ತಿದ್ದ ವಾಚ್‌ಮನ್ "ಪೂಜಾನಾ ಸಾರ್?" ಎಂದು ಚಪ್ಪಲಿ ಬಿಟ್ಟು ಕೈ ಮುಗಿದ. ಆಕೆ ಬಾಗಿಲು ಹಾಕಿಕೊಂಡು ಒಳಗೆ ಕೂತಳು.

ನಾನು ಪೈಪು ಹಿಡಿದು ಟಾಪಿನ ಮೇಲೆ ನೀರು ಬಿಡಲು ಹೋದರೆ ಒಳಗಿಂದ ಗದರಿದಳು. "ಮ್ಯಾಲಿಂದ ಸುರದ್ರ ಎಲ್ಲಾ ಕಡಿನೂ ತೊಯ್ತದ, ಏನು ತಿಳೀತದ? ಕೆಳಗಿಂದ ಬಾ. ಕಾರ್ಖಾನಿಯೊಳಗ ಏನು ಕಲ್ತಿ ನೀ?"

ಕೆಳಗಿನಿಂದ ಬಂದೆ. ಬಾಗಿಲು, ಒಣ. ಗಾಜಿನ ಬುಡಕ್ಕೆ ನೀರು ಬಿಟ್ಟೆ. ಟಾಪಿಗಿನ್ನೂ ಒಂದು ಹನಿಯೂ ಬಿದ್ದಿರಲಿಲ್ಲ, ಒಳಗಿಂದ ಗಾಜನ್ನು ಬಡಿದ ಸದ್ದು ಕೇಳಿತು. ಬಾಗಿಲು ತೆಗೆದರೆ ಡ್ಯಾಶ್‌ಬೋರ್ಡಿನ ವಿಭೂತಿಯಲ್ಲಿ ಬೆರಳಗಲದ ಕಪ್ಪು ಗೆರೆ, ಚಿಗವ್ವನ ಸೀರೆಯ ಮೊಣಕಾಲು ಒದ್ದೆ. ಗಾಜಿನ ಚೌಕಟ್ಟನ್ನು ಹೊಳಪು ಮಾಡಿಸಲು ಬಿಚ್ಚಿ ಮತ್ತೆ ಕೂರಿಸಿದ್ದು ನಾನೇ. ಅದರ ಬೋಲ್ಟುಗಳ ಕೆಳಗಿನ ಎರಡು ರಬ್ಬರ್ ವಾಷರುಗಳು ಮನೆಯಲ್ಲಿ ಗುಂಡಿ ಡಬ್ಬಿಯೊಳಗೆ ಬೆಚ್ಚಗೆ ಮಲಗಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಒಂದು ಕೈ ಮೇಲು.

"ತಪ್ಪಾತು ಚಿಗವ್ವಾ" ಎಂದೆ.

"ನನಗ ಹೇಳಬ್ಯಾಡ. ಅವರಿಗಿ ಹೇಳು. ಹಿಂದಿಯೊಳಗ ಹೇಳು."

ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾನು ಹಿಂದಿ ಮಾತಾಡಿದ್ದಿಲ್ಲ. ಸೇಠ್ ಅಲ್ಲೇ ಜೀಪಿನ ಮಾತೆತ್ತಿದರು. ಚಿಗವ್ವ ಕೈಯೆತ್ತಿ ತಡೆದಳು. "ಇನ್ನಾ ಟಾಪಿಗಿ ನೀರು ಹಾಕಿಲ್ಲ. ಹಾಕು." ಅರ್ಧ ಗಂಟೆ ಹಾಕಿಸಿದಳು. ಹೊಲಿಗೆಯ ಮೇಲಿನ ವಿಭೂತಿ ಬೆಳ್ಳಗೆ ಹಾಗೇ ಇತ್ತು. ಆಮೇಲೆ ಸೂಜಿ ತೆಗೆದು, ಪಕ್ಕದ ಸೀಟಿನ ಮೇಲ್ಗಡೆ ಟಾಪಿನ ಮೂಲೆಯಲ್ಲಿ ಕೆಂಪು ನೂಲಿನಿಂದ ‘ಗಂ’ ಎಂದು ಹೊಲಿದಳು. ಅಂದಿನಿಂದ ಆಕೆ ಹೊಲಿದ ಪ್ರತಿ ಟಾಪಿನಲ್ಲೂ, ಆ ಆರು ಜೀಪುಗಳಲ್ಲೂ, ಕೆಂಪು ‘ಗಂ’ ಇದೆ. ಸೋರಿದರೆ ತನ್ನನ್ನೇ ಬಂದು ಕೇಳಲಿ ಎಂದು.

ಇದಾಗಿ ಹನ್ನೆರಡು ಮಳೆಗಾಲ ಕಳೆದವು. ಮೆಕ್ಯಾನಿಕ್‌ನ ಮೇಲೆ ನಾನು ಯಾಕೆ ಎಗರಿದೆ ಎಂದು ಈಗ ನಿಮಗೆ ತಿಳಿದಿರಬೇಕು. ಆತ ಹೋದ ಮೇಲೆ ದೇವರ ಜಗುಲಿಯಿಂದ ವಿಭೂತಿ ತಂದೆ. ಹೆಂಡತಿ ಪೈಪು ಹಿಡಿದಳು, ನಾನು ಒಳಗೆ ಕೂತೆ. ಬಾಗಿಲು ಒಣ. ಗಾಜಿನ ಬುಡ ಒಣ; ವಾಷರ್ ಹೋದ ವರ್ಷವಷ್ಟೇ ಬದಲಿಸಿದ್ದೆ. ಉಳಿದದ್ದು ಟಾಪು ಒಂದೇ; ನೀರು ಅಲ್ಲಿಗೂ ಬಂತು. ಕೆಂಪು ‘ಗಂ’ ಪಕ್ಕದ ಹೊಲಿಗೆಯಲ್ಲಿ ವಿಭೂತಿ ಕರಗಿ ಇಳಿಯಿತು. ಮೇಣ ಹೋಗಿ ನೂಲು ಸತ್ತಿತ್ತು.

ಚಿಗವ್ವನಿಗೀಗ ಎಪ್ಪತ್ತು. ಗುಟ್ಟಾಗಿ ಬೇರೆ ಕಡೆ ಹೊಲಿಸಿಬಿಡೋಣ, ಈ ಸಲವೂ ವಾಷರೇ ಎಂದು ಸುಳ್ಳು ಹೇಳೋಣ ಅನ್ನಿಸಿತು. ಸುಳ್ಳನ್ನು ನಾಲಗೆಯ ಮೇಲೆ ಜೋಡಿಸಿಯೂ ನೋಡಿದೆ. ಆಮೇಲೆ ನನ್ನ ಮೇಲೇ ಹೇಸಿಗೆಯಾಗಿ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

"ಸರಿಯಾಗಿ ನೋಡಿದಿ?" ಎಂದಳು.

"ನೋಡೀನಿ ಚಿಗವ್ವಾ."

"ಕೆಳಗಿಂದ ಮ್ಯಾಲಕ್ಕ?"

"ಕೆಳಗಿಂದ ಮ್ಯಾಲಕ್ಕ."

ಮತ್ತೆ ಅದೇ ಹಳೆಯ ದನಿ. "ಹಂಗಾದ್ರ ತಪ್ಪು ನಂದು. ನಾಳಿ ಬರ್ತೀನಿ. ಯಾರೂ ಕೈ ಹಚ್ಚಬಾರದು. ವಿಭೂತಿ ಒರಸಬ್ಯಾಡ, ನಾ ನೋಡಬೇಕು. ಮತ್ತ ಆ ಸೇಠ್‌ನ ನಂಬರ್ ಕೊಡು. ಅದೇ ನೂಲಿನಾಗ ಅವರ ಟಾಪೂ ಹೊಲದೀನಿ."

"ಇಷ್ಟು ವರ್ಷ ಆತು, ಅವರು ಮರತಿರ್ತಾರ."

"ನಾ ಮರತಿಲ್ಲ. ನಾನ ಹೇಳ್ತೀನಿ, ಹಿಂದಿಯೊಳಗ."

ಈಗ ಬಸ್‌ಸ್ಟಾಪಿನ ಹತ್ತಿರ ಕಾರು ನಿಲ್ಲಿಸಿಕೊಂಡು ಆಕೆಯ ದಾರಿ ಕಾಯುತ್ತಿದ್ದೇನೆ. ವಿಭೂತಿ ಒರೆಸಿಲ್ಲ. ಮೋಡ ಕಟ್ಟಿದೆ, ಮನೆ ಮುಟ್ಟುವುದರೊಳಗೆ ಸುರಿಯುವುದು ಖಂಡಿತ. ನೀರು ಬೀಳುವುದು ಆಕೆ ಕೂರುವ ಸೀಟಿಗೇ ಎಂದು ಒಂದು ಛತ್ರಿ ತಂದಿಟ್ಟಿದ್ದೇನೆ. ಆಕೆ ಅದನ್ನು ಬಿಚ್ಚುವುದಿಲ್ಲ.