ಏಳನೇ ಕ್ಲಾಸಿನ ಹಂಡ್ರೆಡ್

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಅವಳ ಹಿಸ್ಟರಿ ಟೀಚರು ಇಡೀ ತರಗತಿಯನ್ನು ಮಧ್ಯಯುಗದ ಇಂಗ್ಲೆಂಡಿನ ಒಂದು ‘ಹಂಡ್ರೆಡ್’ ಎಂದು ಘೋಷಿಸಿಬಿಟ್ಟರು. ಆ ಸಂಜೆ ಊಟಕ್ಕೆ ಕೂತಾಗ ಅವಳು ಸುದ್ದಿ ಹೇಳಿದಳು. ಹಂಡ್ರೆಡ್ ಎಂದರೆ ನೂರು, ಏನು ನೂರು ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಒಂದಷ್ಟು ಹಳ್ಳಿಗಳ ಗುಂಪಂತೆ, ಕೌಂಟಿಗಿಂತ ಚಿಕ್ಕದಂತೆ.

“ನಮ್ಮ ಹೋಬಳಿ ಇದ್ದಂಗೆ,” ಅಂದರು ನನ್ನ ಗಂಡ, ತಟ್ಟೆಯಿಂದ ತಲೆಯೆತ್ತದೆ. ಅವರು ಮಂಡ್ಯದ ಕಡೆಯವರು.

ಮಗಳಿಗೆ ಹೋಬಳಿ ಗೊತ್ತಿರಲಿಲ್ಲ. ತಾಲ್ಲೂಕಿನಲ್ಲಿ ಹೋಬಳಿ, ಹೋಬಳಿಯಲ್ಲಿ ಹಳ್ಳಿ ಎಂದು ವಿವರಿಸಲು ಹೊರಟರೆ ತಾಲ್ಲೂಕೂ ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ ಹುಟ್ಟಿದ ಹುಡುಗಿಗೆ ಹೋಬಳಿ ಅರ್ಥವಾದದ್ದು ಕೊನೆಗೆ ಇಂಗ್ಲೆಂಡಿನ ದಾರಿಯಲ್ಲೇ.

ಏನು ನೂರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಟ್ರೈನಿನಲ್ಲಿ ಹೋಗುವಾಗ ಫೋನಿನಲ್ಲಿ ಓದುತ್ತಾ ಹೋದೆ. ಒಂದು ಸಂಸಾರ ಬದುಕಲು ಸಾಕಾಗುವಷ್ಟು ನೆಲಕ್ಕೆ ಅಲ್ಲಿ ‘ಹೈಡ್’ ಅನ್ನುತ್ತಿದ್ದರಂತೆ. ಅಂಥ ನೂರು ಹೈಡ್ ಸೇರಿದರೆ ಒಂದು ಹಂಡ್ರೆಡ್. ಆದರೆ ಲೆಕ್ಕ ಹಾಕಿದರೆ ಎಷ್ಟೋ ಹಂಡ್ರೆಡ್‌ಗಳಲ್ಲಿ ನೂರು ಇರುತ್ತಿರಲಿಲ್ಲ, ಕೆಲವುಗಳಲ್ಲಿ ನೂರಕ್ಕಿಂತ ಹೆಚ್ಚೇ ಇರುತ್ತಿತ್ತು. ಕೆಲವರು ಅದನ್ನು ನೂರು ಸಂಸಾರ ಎನ್ನುತ್ತಾರೆ, ಕೆಲವರು ಯುದ್ಧಕ್ಕೆ ನೂರು ಜನರನ್ನು ಕಳಿಸಬೇಕಿದ್ದ ಸೀಮೆ ಎನ್ನುತ್ತಾರೆ. ಓದುತ್ತಿದ್ದಂತೆ ಹಾಸನದ ನನ್ನ ಹೈಸ್ಕೂಲು ನೆನಪಾಯಿತು. ಬನವಾಸಿ ಹನ್ನೆರಡು ಸಾವಿರ, ಗಂಗವಾಡಿ ತೊಂಬತ್ತಾರು ಸಾವಿರ ಎಂದು ಬಾಯಿಪಾಠ ಮಾಡಿದ್ದೆವು. ಏನು ಹನ್ನೆರಡು ಸಾವಿರ ಎಂದು ಯಾರೂ ಕೇಳಿರಲಿಲ್ಲ. ಹುಡುಕಿದರೆ ಅಲ್ಲೂ ಅದೇ ಕಥೆ. ಹಳ್ಳಿಗಳ ಸಂಖ್ಯೆಯೋ, ಕಂದಾಯದ್ದೋ ಎಂದು ಪಂಡಿತರು ಇನ್ನೂ ಜಗ್ಗಾಡುತ್ತಿದ್ದರು. ಇಳಿಯಬೇಕಾದ ಸ್ಟೇಷನ್ ಅವತ್ತು ತಪ್ಪಿಯೇ ಹೋಗುತ್ತಿತ್ತು.

ಮಗಳ ಕ್ಲಾಸಿನಲ್ಲಿ ಮಾತ್ರ ಆಟ ಗಂಭೀರವಾಗುತ್ತಿತ್ತು. ಟೀಚರು ಮಕ್ಕಳನ್ನು ಹತ್ತು ಹತ್ತು ಜನರ ಗುಂಪು ಮಾಡಿದ್ದರು. ಆ ಕಾಲದಲ್ಲಿ ಹತ್ತು ಗಂಡಸರನ್ನು ಹೀಗೆ ಒಂದು ಗುಂಪಿಗೆ ಸೇರಿಸಿ ಅದಕ್ಕೆ ‘ಟೈದಿಂಗ್’ ಎನ್ನುತ್ತಿದ್ದರಂತೆ. ಒಬ್ಬರ ತಪ್ಪಿಗೆ ಉಳಿದವರೆಲ್ಲ ಹೊಣೆ. ಒಬ್ಬ ಓಡಿಹೋದರೆ ಮಿಕ್ಕವರು ಅವನನ್ನು ಹಿಡಿದುತಂದು ಸಭೆಯ ಮುಂದೆ ನಿಲ್ಲಿಸಬೇಕು, ಇಲ್ಲವೇ ದಂಡ ಕಟ್ಟಬೇಕು. ಸಭೆ ಸೇರುತ್ತಿದ್ದದ್ದು ಬಯಲಿನಲ್ಲಿ, ಮರದ ಕೆಳಗೋ ದಿಬ್ಬದ ಮೇಲೋ. ಮಕ್ಕಳ ಸಭೆಗೂ ಸ್ಕೂಲಿನ ಆಟದ ಬಯಲಿನಂಚಿನ ಓಕ್ ಮರವೇ ನಿಗದಿಯಾಯಿತು. ಸಭೆ ಸೇರುವಷ್ಟರಲ್ಲಿ ಪ್ರತಿ ಗುಂಪೂ ತನ್ನ ಸೀಮೆಯ ದೊಡ್ಡ ನಕ್ಷೆ ಬರೆಯಬೇಕು, ಒಬ್ಬೊಬ್ಬರಿಗೆ ಒಂದೊಂದು ಭಾಗ. ಯಾರದಾದರೂ ಭಾಗ ಬರದಿದ್ದರೆ ಹತ್ತೂ ಜನರ ಮಾರ್ಕ್ಸು ಕಡಿಮೆ.

ತಾಯಂದಿರ ವಾಟ್ಸಾಪ್ ಗುಂಪು ಕೆರಳಿತು. ಬೇರೆ ಮಕ್ಕಳ ಸೋಮಾರಿತನಕ್ಕೆ ನಮ್ಮ ಮಕ್ಕಳ ಗ್ರೇಡು ಯಾಕೆ ಹಾಳಾಗಬೇಕು ಎಂದು ಒಬ್ಬರಾದ ಮೇಲೆ ಒಬ್ಬರು ಬರೆದರು. ನಾನೂ ಒಳಗೊಳಗೇ ಹೌದಲ್ಲ ಅಂದುಕೊಂಡೆ.

ಮಗಳ ಗುಂಪಿನಲ್ಲಿ ಒಬ್ಬ ಮೆತ್ತಗಿನ ಹುಡುಗಿ ಇದ್ದಳು, ಆ ವರ್ಷವೇ ಹೊಸದಾಗಿ ಸೇರಿದವಳು. ನಕ್ಷೆಯಲ್ಲಿ ಅವಳ ಪಾಲಿಗೆ ಗಡಿಯ ಹೊಳೆ ಬಂದಿತ್ತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ಮೇಲೆ ಅವಳು ಬರಲೇ ಇಲ್ಲ. ಮಕ್ಕಳ ಮೆಸೇಜುಗಳಿಗೆ ಉತ್ತರವಿಲ್ಲ. ಅವಳು ಇನ್ನು ನಮ್ಮ ಕ್ಲಾಸಿನಲ್ಲಿಲ್ಲ ಎಂದಷ್ಟೇ ಟೀಚರು ಹೇಳಿದರಂತೆ.

“ನಾವು ಅವಳನ್ನ ಹುಡುಕ್ಬೇಕು ಅಮ್ಮ,” ಅಂದಳು ಮಗಳು. “ದಟ್ಸ್ ದ ಲಾ.”

ಒಮ್ಮೆ ಲೈಬ್ರರಿಯಿಂದ ಬರುವಾಗ ಆ ಹುಡುಗಿಯನ್ನು ಅವಳ ಅಪಾರ್ಟ್‌ಮೆಂಟಿನ ಬಾಗಿಲವರೆಗೂ ಬಿಟ್ಟುಬಂದಿದ್ದೆ. ಶನಿವಾರ ಇಬ್ಬರೂ ಅಲ್ಲಿಗೆ ಹೋದೆವು. ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿಗಳಿದ್ದವು. ಕೆಳಗಡೆ ಗಿಡಗಳಿಗೆ ನೀರು ಹಾಕುತ್ತಿದ್ದ ಹೆಂಗಸು, ಅವರು ಮನೆ ಬದಲಾಯಿಸಿದರು ಎಂದು ರಸ್ತೆಯಾಚೆಯ ಹಳೆಯ ಕಟ್ಟಡ ತೋರಿಸಿದರು. ಸಿಗ್ನಲ್ ದಾಟಿ ಹೋದರೆ ಎರಡನೇ ಮಹಡಿಯಲ್ಲಿ ಆ ಹುಡುಗಿಯೇ ಬಾಗಿಲು ತೆಗೆದಳು. ನಮ್ಮನ್ನು ನೋಡಿ ಹಿಂದೆ ಸರಿದು ತಾಯಿಯನ್ನು ಕರೆದಳು.

ತಾಯಿ ಮಗಳು ಇಬ್ಬರದೇ ಸಂಸಾರ. ಬಾಡಿಗೆ ಹೆಚ್ಚಾಯಿತೆಂದು ಈಚೆ ಬಂದಿದ್ದರು. ಆದರೆ ರಸ್ತೆಯ ಈ ಬದಿ ಬೇರೆ ಸ್ಕೂಲ್ ಡಿಸ್ಟ್ರಿಕ್ಟಿಗೆ ಸೇರಿದ್ದು, ಮನೆ ಯಾವ ಗೆರೆಯೊಳಗೋ ಅಲ್ಲಿನ ಸ್ಕೂಲಿಗೇ ಮಕ್ಕಳು ಹೋಗಬೇಕು ಎಂದು ತಾಯಿ ವಿವರಿಸಿದರು. ಅದೇ ಗ್ರೋಸರಿ, ಅದೇ ಬಸ್ ಸ್ಟಾಪು. ಸ್ಕೂಲು ಮಾತ್ರ ಬೇರೆ. ಹೇಳುವಾಗ ಅವರ ದನಿಯಲ್ಲಿ ದೂರಿರಲಿಲ್ಲ, ದಣಿವಿತ್ತು. ನಮಗೂ ಆ ಗೆರೆ ಹೊಸದಲ್ಲ. ಮನೆ ಹುಡುಕುವಾಗ ನಾವು ಮೊದಲು ನೋಡಿದ್ದೇ ಅದನ್ನು.

ಮಗಳು ನಕ್ಷೆಯ ಮಾತೆತ್ತಿದಳು. ಹೊಳೆ ಅರ್ಧ ಬರೆದು ಬಿಟ್ಟಿದ್ದೇನೆ ಎಂದಳು ಹುಡುಗಿ, ಆಮೇಲೆ ಮೆಲ್ಲಗೆ ಕೇಳಿದಳು: “ನಾನೀಗ ಬೇರೆ ಹಂಡ್ರೆಡ್‌ನವಳಲ್ವಾ?”

ಬರೆಯೋದು ಮುಗಿಸು, ನಾನು ಬಂದು ತಗೊಂಡು ಹೋಗ್ತೀನಿ ಅಂದಳು ಮಗಳು.

ಮನೆಗೆ ಬರುವ ದಾರಿಯಲ್ಲಿ ಅವಳು ನನ್ನನ್ನೇ ಕೇಳಿದಳು, ಆ ಕಾಲದಲ್ಲಿ ಊರು ಬದಲಾಯಿಸಿದವರು ಯಾರಿಗೆ ಸೇರುತ್ತಿದ್ದರು ಎಂದು. ಪರ ಊರಿನವನನ್ನು ಕೆಲವು ರಾತ್ರಿಗಿಂತ ಹೆಚ್ಚು ಮನೆಯಲ್ಲಿಟ್ಟುಕೊಂಡರೆ ಆ ಮನೆಯವನೇ ಅವನಿಗೆ ಹೊಣೆಯಾಗುತ್ತಿದ್ದ ಎಂದು ಟ್ರೈನಿನಲ್ಲಿ ಓದಿದ್ದನ್ನು ಹೇಳಿದೆ. ಮಗಳು ಯೋಚಿಸಿ, ಹಾಗಾದರೆ ಅವಳು ನಮ್ಮ ಮನೆಗೇ ಬಂದು ಬರೆಯಲಿ ಅಂದಳು. ಸಭೆಯವರೆಗೆ ಶನಿವಾರಗಳಂದು ಆ ಹುಡುಗಿ ಬಂದಳು. ಇಬ್ಬರೂ ನೆಲದ ಮೇಲೆ ಬೋರಲು ಮಲಗಿ ಹೊಳೆಗೆ ಬಣ್ಣ ಹಾಕುತ್ತಿದ್ದರು. ನಮ್ಮವರು ಚಿತ್ರಾನ್ನ ಮಾಡಿ ಕೊಟ್ಟರೆ ಅವಳು ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದಳು.

ಸಭೆಯ ದಿನ ತಾಯ್ತಂದೆಯರನ್ನೂ ಕರೆದಿದ್ದರು. ನಾನು ಅರ್ಧ ದಿನ ರಜೆ ಹಾಕಿ ಹೋದೆ. ಓಕ್ ಮರದ ಕೆಳಗೆ ಟೀಚರು ಹಂಡ್ರೆಡ್‌ನ ಅಮಲ್ದಾರರಾಗಿ ಮಡಚುವ ಕುರ್ಚಿಯ ಮೇಲೆ ಕೂತಿದ್ದರು. ಮಗಳ ಗುಂಪಿನ ಸರದಿ ಬಂದಾಗ ಅವಳೇ ಎದ್ದು ನಿಂತಳು. ನಮ್ಮವರೊಬ್ಬರು ಸೀಮೆ ಬಿಟ್ಟು ಹೋಗಿದ್ದಾರೆ, ಹುಡುಕಿದೆವು, ಸಿಕ್ಕಿದರು, ಇಲ್ಲಿಗೆ ಕರೆತರಲು ಆಗುವುದಿಲ್ಲ, ಈ ಹೊಳೆ ಅವರೇ ಬರೆದದ್ದು ಎಂದಳು.

ಇನ್ನೊಂದು ಗುಂಪಿನ ಹುಡುಗ ಆಕ್ಷೇಪಿಸಿದ. ಸೀಮೆಯ ಹೊರಗಿನವರ ಕೆಲಸವನ್ನು ಒಪ್ಪುವುದು ಹೇಗೆ ಎಂದು ಅವನ ವಾದ. ಟೀಚರು ತಾವು ತೀರ್ಮಾನ ಹೇಳಲಿಲ್ಲ. ಹಂಡ್ರೆಡ್‌ನಲ್ಲಿ ತೀರ್ಪು ಕೊಡುವವರು ಸೇರಿದ ಜನರೇ ಎಂದು ಉಳಿದ ಮಕ್ಕಳ ಕಡೆ ಕೈ ತೋರಿಸಿದರು. ಮಕ್ಕಳು ಗುಂಪು ಕಟ್ಟಿಕೊಂಡು ಗುಸುಗುಸು ಮಾಡಿದರು. ಹೊಳೆ ಗಡಿಯಲ್ಲಿ ಹರಿಯುತ್ತೆ, ಎರಡು ಕಡೆಯವರಿಗೂ ಸೇರುತ್ತೆ, ಆ ಕಡೆಯವರು ಬರೆದರೆ ತಪ್ಪೇನು ಎಂದು ಒಬ್ಬಳು ಹೇಳಿದಳು. ಅದೇ ತೀರ್ಪಾಯಿತು. ಆದರೆ ಹೋದವರನ್ನು ಸಭೆಯ ಮುಂದೆ ತಂದು ನಿಲ್ಲಿಸದೆ ಇದ್ದದ್ದಕ್ಕೆ ಗುಂಪಿಗೆ ಸಣ್ಣ ದಂಡವೂ ಬಿತ್ತು, ಒಂದೆರಡು ಮಾರ್ಕ್ಸು ಹೋಯಿತು. ಮಾರ್ಕ್ಸು ಕಡಿಮೆಯಾದರೆ ಯಾವಾಗಲೂ ಅಳುತ್ತಿದ್ದ ಮಗಳು ಅವತ್ತು ಅಳಲಿಲ್ಲ. ಕಾರಿನಲ್ಲಿ ಕೂತವಳೇ ಗೆಳತಿಗೆ ಫೋನ್ ಮಾಡಿ, ನಿನ್ನ ಹೊಳೆ ಗೆದ್ದಿತು ಅಂದಳು.

ಎರಡು ವರ್ಷ ಕಳೆದು ಹೈಸ್ಕೂಲಿನ ಮೊದಲ ದಿನ ಮಗಳನ್ನು ಬಿಡಲು ಹೋದಾಗ ಗೇಟಿನ ಹತ್ತಿರ ಆ ಹುಡುಗಿ ಕಾಯುತ್ತಾ ನಿಂತಿದ್ದಳು. ಹೈಸ್ಕೂಲಿನ ಗೆರೆಗಳನ್ನು ಇಲ್ಲಿ ಬೇರೆಯೇ ಎಳೆದಿದ್ದಾರೆ, ಆ ರಸ್ತೆಯ ಎರಡೂ ಬದಿ ಅದರೊಳಗೇ ಬರುತ್ತದೆ. ಹಾಗೆ ಯಾರು ಎಳೆದರು, ಯಾವಾಗ ಎಳೆದರು ಎಂದು ನಾನು ಹಲವರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ.