ಮಾರಲು ಬಂದು ಬೇಡವೆಂದವರು

ಕಳೆದ ವಾರ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಊಟದ ಡಬ್ಬಿ ತೆರೆದಳು. ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ನನ್ನ ಮೇಜಿನವರೆಗೂ ಬಂತು. ತಲೆಯೆತ್ತಿದೆ, ಹುಬ್ಬಳ್ಳಿ ಅಕ್ಕ ಬಂದರೇನೋ ಎಂಬಂತೆ...

ಅವರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ದಿನವೂ ಅವರ ಡಬ್ಬಿಯಲ್ಲಿ ಆ ಹಿಂಡಿ ಇರುತ್ತಿತ್ತು. ಆಗ ನಮ್ಮದು ಸಹಕಾರನಗರದ ಒಂದು ಮಹಡಿ ಮನೆಯಲ್ಲಿದ್ದ ಪುಟ್ಟ ಕಂಪನಿ. ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿದ್ದೆವು. ಅದರ ಹೆಚ್ಚಿನ ಭಾಗ ಬರೆದವನು ನಾನೇ, ಹಾಗಾಗಿ ಹೆಮ್ಮೆಯೂ ನನ್ನದೇ. ಮಾರಾಟಕ್ಕೆ ಇದ್ದ ಇಬ್ಬರು ಹುಡುಗರು ಗಿರಾಕಿಗಳ ಮುಂದೆ "ಎಲ್ಲಾ ಆಗತ್ತೆ ಸಾರ್" ಎನ್ನುತ್ತಿದ್ದರು. ಆಫೀಸಿಗೆ ಬಂದು "ಡಬ್ಬಾ ಸಾಫ್ಟ್‌ವೇರ್ ಗುರು" ಎಂದು ನಗುತ್ತಿದ್ದರು. ಕೊಂಡವರು ಎರಡೇ ತಿಂಗಳಲ್ಲಿ ಬಿಟ್ಟು ಮತ್ತೆ ಡೈರಿ ಹಿಡಿಯುತ್ತಿದ್ದರು. ಕೊನೆಗೆ ಆ ಇಬ್ಬರೂ ಬೇರೆ ಕೆಲಸ ಹುಡುಕಿಕೊಂಡರು. ಯುಗಾದಿಯವರೆಗೆ ನೋಡೋಣ, ಆಗದಿದ್ದರೆ ಮುಚ್ಚಿಬಿಡೋಣ ಎಂದರು ನಮ್ಮ ಮಾಲೀಕರು.

ಆ ಹೊತ್ತಿಗೆ ಮಾರಾಟದ ಕೆಲಸಕ್ಕೆ ಬಂದವರು ಅಕ್ಕ. ಐವತ್ತರ ಹತ್ತಿರದ ವಯಸ್ಸು. ಅದಕ್ಕೂ ಮೊದಲು ಯಶವಂತಪುರದ ಸೀರೆ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ನಿಂತು ಸೀರೆ ಮಾರಿದ್ದರು. ಇವರಿಗೆ ಸಾಫ್ಟ್‌ವೇರ್ ಏನು ಗೊತ್ತು ಎಂದು ನನಗೆ ಒಳಗೊಳಗೇ ಅಸಡ್ಡೆ.

ಮೊದಲ ದಿನವೇ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಣಿಸಂದ್ರದ ಒಂದು ಮಂಟಪಕ್ಕೆ ಹೋದರು. ಅದರ ಯಜಮಾನರು ಊರಿನ ಹಳೆಯ ಬೇಸಾಯದ ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಮಂಟಪ ಕಟ್ಟಿಸಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ಒಂದು ಭಾನುವಾರದ ಮದುವೆ ಬುಕ್ ಮಾಡಿ ತೋರಿಸಿದೆ. ಪರದೆಯಲ್ಲಿ ಭಾನುವಾರ ಕೆಂಪಾಯಿತು. ಅದರ ಹಿಂದಿನ ಶನಿವಾರ ಹಸಿರಾಗಿಯೇ ಉಳಿಯಿತು, ಖಾಲಿ ಇದೆ ಎಂಬಂತೆ.

ಅಕ್ಕ ಜೋರಾಗಿ ನಕ್ಕುಬಿಟ್ಟರು. "ತಮ್ಮಾ, ಶನಿವಾರ ಸಂಜೀಕ ರಿಸೆಪ್ಶನ್ ಯಾವ ಬಯಲಾಗ ಮಾಡ್ತಾರಪಾ? ಆ ದಿನಾನ ಇನ್ನೊಬ್ಬರಿಗೆ ಕೊಟ್ರ ಎರಡು ಬೀಗರ ಮಂದಿ ಒಂದ ಬಾಗಿಲದಾಗ ನಿಂದರ್ತಾರ!"

ಯಜಮಾನರೂ ನಕ್ಕರು. ನನ್ನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಮದುವೆಗೆ ಮಂಟಪ ಹಿಂದಿನ ದಿನ ಮಧ್ಯಾಹ್ನವೇ ಕೊಡಬೇಕು ಎನ್ನುವುದು ನಾನು ಕೇಳದೆ ಬಿಟ್ಟಿದ್ದ ಸಂಗತಿ.

"ಯಜಮಾನ್ರ, ಇವತ್ತ ಇದನ್ನ ತಗೋಬ್ಯಾಡ್ರಿ" ಎಂದರು ಅಕ್ಕ. "ಹದಿನೈದು ದಿನ ಬಿಟ್ಟು ನಾನ ತರ್ತೀನಿ."

"ಅಲ್ಲಮ್ಮೋ, ಮಾರಕ್ ಬಂದೋರೇ ಬ್ಯಾಡ ಅನ್ನೋದ ನಾನ್ ಇವತ್ತೇ ನೋಡಿದ್ದು. ಇಂಗೆ ಯೋಳಿದ್ರೆ ನಿಮ್ ಯಾಪಾರ ಎಂಗಮ್ಮ ಆಗೋದು?"

"ಅದಕ್ಕ ನಿಮ್ಮ ಆಫೀಸಿನಾಗ ಎರಡ ದಿನ ಕುಂದರಾಕ ಜಾಗ ಕೊಡ್ರಿ."

ವಾಪಸ್ ಬರುವಾಗ ಲ್ಯಾಪ್‌ಟಾಪ್ ಚೀಲ ನಡುವೆ ಇಟ್ಟುಕೊಂಡು ಮುಖ ತಿರುಗಿಸಿ ಕೂತೆ. ಹೆಬ್ಬಾಳದ ಹತ್ತಿರ ಅಕ್ಕ ಸ್ಕೂಟರ್ ನಿಲ್ಲಿಸಿ ಚಹಾ ಹೇಳಿದರು. "ಸಿಟ್ಟೇನು? ನಿನ್ನ ಕೆಲಸ ಛಲೋ ಐತಿ ಅಂತನ ನಕ್ಕೆ. ಕೆಲಸಕ್ಕ ಬಾರದ್ದಿದ್ರ ಸುಮ್ನ ಮಾರಿ ಬರ್ತಿದ್ದೆ."

ಚಹಾ ಎರಡನೇ ಸಲ ಹೇಳಿದ್ದು ನಾನು.

ಎರಡು ದಿನ ಅವರು ಮಂಟಪದ ಆಫೀಸಿನಲ್ಲಿ ಕೂತು ಬಂದರು. ಅಡುಗೆಯವರು ಯಾವಾಗ ಒಲೆ ಹಚ್ಚುತ್ತಾರೆ, ಹೂವಿನವನು ಎಷ್ಟು ಹೊತ್ತಿಗೆ ಬರುತ್ತಾನೆ, ಶಾಮಿಯಾನ ಬಿಚ್ಚುವುದು ಯಾವಾಗ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು. ಅದನ್ನು ಮುಂದಿಟ್ಟುಕೊಂಡು ನಾನು ಅರ್ಧ ಸಾಫ್ಟ್‌ವೇರ್ ಹೊಸದಾಗಿ ಬರೆದೆ.

ಹದಿನೈದನೆಯ ದಿನ ಯಜಮಾನರು ತಾವೇ ಮೌಸ್ ಹಿಡಿದರು. ಬೇಕೆಂದೇ ಶನಿವಾರ ಸಂಜೆಯನ್ನು ಇನ್ನೊಬ್ಬರಿಗೆ ಕೊಡಲು ನೋಡಿದರು. ಆಗುವುದಿಲ್ಲ ಎಂದಿತು ಪರದೆ. ಇನ್ನೊಮ್ಮೆ ಒತ್ತಿದರು. ಮತ್ತೆ ಆಗುವುದಿಲ್ಲ.

"ಅಬ್ಬಾ, ನನ್ ಮಾತೇ ಕೇಳಲ್ವಲ್ಲ ಇದು!" ಎಂದು ತೊಡೆ ತಟ್ಟಿ ನಕ್ಕು, ಅಮೃತಹಳ್ಳಿಯಲ್ಲಿ ಮಂಟಪ ಇಟ್ಟಿದ್ದ ಭಾವಮೈದುನನಿಗೆ ಅಲ್ಲಿಂದಲೇ ಫೋನ್ ಮಾಡಿದರು. "ಒಬ್ರು ಅಮ್ಮ ಬತ್ತಾರೆ ಕಣೋ. ಸುಳ್ ಯೋಳಲ್ಲ. ಕೂತ್ಕಂಡ್ ಕೇಳು."

ಹಾಗೆ ಒಂದರಿಂದ ಒಂದು ಮಂಟಪ ಸೇರುತ್ತಾ ಹೋಯಿತು. ಯುಗಾದಿ ಬಂತು, ಮುಚ್ಚುವ ಮಾತನ್ನು ಮಾಲೀಕರು ಎತ್ತಲೇ ಇಲ್ಲ. ಒಬ್ಬಟ್ಟು ತರಿಸಿದ್ದರು. ಅಕ್ಕ ಒಂದು ತುಂಡು ಬಾಯಿಗಿಟ್ಟು, "ಬೆಲ್ಲ ಕಮ್ಮಿ ಆತು" ಎಂದರು. ಎಲ್ಲರೂ ನಕ್ಕೆವು, ಮಾಲೀಕರೂ.

ಆರು ವರ್ಷ ಜೊತೆಗಿದ್ದು, ಮಂಡಿನೋವು ಹೆಚ್ಚಾದ ಮೇಲೆ ಅಕ್ಕ ಮಗಳ ಮನೆ ಸೇರಿದರು. ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆವು. ಹೋದ ವರ್ಷ ಶ್ರಾವಣದಲ್ಲಿ ಮಗಳೇ ಫೋನ್ ಮಾಡಿದಳು. ಮಲಗಿದವರು ಏಳಲಿಲ್ಲವಂತೆ...

ಈಗ ನಮ್ಮಲ್ಲಿ ಮಾರಾಟಕ್ಕೆ ಏಳು ಮಂದಿ ಇದ್ದಾರೆ. ಚುರುಕಿನವರು, ಮರ್ಯಾದೆಯವರು. ಮೊನ್ನೆ ಹೊಸದೊಂದು ಸೌಲಭ್ಯ ಮಾಡಿ ಅವರ ಮುಂದಿಟ್ಟೆ. ಏಳೂ ಜನ "ಸೂಪರ್ ಸಾರ್" ಎಂದರು. ಅಕ್ಕನಂತೆ ಯಾರಾದರೂ ನಕ್ಕು ತಪ್ಪು ತೋರಿಸುತ್ತಾರೇನೋ ಎಂದು ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ. ಯಾರೂ ನಗಲಿಲ್ಲ. ತಪ್ಪು ಎಲ್ಲೋ ಇದ್ದೇ ಇರುತ್ತದೆ. ಹುಡುಕಲು ನಾನೊಬ್ಬನೇ ಕೂತೆ.