ಕಡಲ ಮಗ್ಗುಲ ಸೈಟು

ನಿವೃತ್ತರಾದ ಮೇಲೆ ಬೇಕಾದ್ದನ್ನೆಲ್ಲ ಹಿತ್ತಲಲ್ಲೇ ಬೆಳೆದು, ಯಾವ ಆಪತ್ತು ಬಂದರೂ ಯಾರ ಮುಂದೆಯೂ ಕೈಚಾಚದೆ ಬದುಕಬೇಕೆಂಬುದು ನಮ್ಮ ಯಜಮಾನರ ಹಠ. ಅದಕ್ಕೇ ಗುಬ್ಬಿಯಿಂದ ಕಡಲತೀರಕ್ಕೆ ಸೈಟು ನೋಡಲು ಬಂದಿದ್ದೆವು. ಮನೆಗೆ ಮನೆ ಅಂಟಿಕೊಂಡ ಓಣಿ. ಕಡಲ ಕಡೆಯ ತುದಿಯಲ್ಲಿ ಮಾತ್ರ ಒಂದು ಖಾಲಿ ಜಾಗ, ಅದರಲ್ಲೊಂದು ಬಾವಿ.

“ನೋಡೇ, ನೀರು ಕೈಗೇ ಸಿಗ್ತೈತೆ! ನಮ್ಮೂರಲ್ಲಿ ಸಾವಿರ ಅಡಿ ಕೊರೆದ್ರೂ ಬರೀ ಧೂಳು ಕಣೇ,” ಎಂದರು ಇವರು. ನಾನೂ ಶಿವನಿಗೆ ಕೈಮುಗಿದೆ. ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡರೆ ಉಪ್ಪುಪ್ಪು.

ಆ ಜಾಗದ ಹಿಂದಿನ ಮನೆಯಾಕೆ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಆ ಬಿಸಿಲಿಗೆ ಅದೇ ಪುಣ್ಯ. ದೇವರ ಗೂಡಿಗೆ ನಮಸ್ಕರಿಸೋಣವೆಂದರೆ ಗೂಡು ಖಾಲಿ. ದೇವರುಗಳೆಲ್ಲ ಬಾಗಿಲ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿದ್ದವು.

“ಕಡಲ ನೀರು ಒಳಗೆ ಬಂದಾಗ ಹುಡುಕುದು ಬೇಡ ಅಂತ,” ಎಂದರು ಆಕೆ. “ನಮ್ಮ ಮುಂದೆ ಎರಡು ಸಾಲು ಮನೆ ಇತ್ತು ಮಾರಾಯ್ರೆ.”

ಕಿಟಕಿಯಿಂದ ನೋಡಿದೆ. ನಾವು ಮೆಚ್ಚಿದ್ದ ಜಾಗದಾಚೆ ಕಡಲು ಸದ್ದಿಲ್ಲದೆ ಮಿನುಗುತ್ತಿತ್ತು.

ಇವರು ಲೋಟ ಕೆಳಗಿಟ್ಟರು. ಆಕೆ ಅದಕ್ಕೆ ಮತ್ತೆ ಮಜ್ಜಿಗೆ ತುಂಬುತ್ತಾ ನಕ್ಕರು: “ನೀವು ಬೇಗ ಮನೆ ಕಟ್ಟಿ. ಆಗ ನಮ್ಮದು ಎರಡನೇ ಸಾಲು ಆಗ್ತದೆ.”